ಚಿಗರಿ, ಖಾನಾವಳಿ, ಫೇಡಾ: ಶನಿವಾರ-ಭಾನುವಾರಕ್ಕೆ ಹುಬ್ಬಳ್ಳಿ-ಧಾರವಾಡ

ಪಟ್ಟಿ ಹಿಡಿದು ಊರು ನೋಡಲು ಬರುವವರಿಗೆ ಹುಬ್ಬಳ್ಳಿ-ಧಾರವಾಡ ಹೇಳಿ ಮಾಡಿಸಿದ ಜಾಗವಲ್ಲ. ಅರಮನೆ ಇಲ್ಲ, ಸಮುದ್ರ ಇಲ್ಲ, ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಜಲಪಾತವೂ ಇಲ್ಲ. ಉಣ್ಣಲು, ಅಡ್ಡಾಡಲು, ಸೀರೆ-ಪುಸ್ತಕ ಕೊಳ್ಳಲು, ಅದೃಷ್ಟವಿದ್ದರೆ ಒಂದು ಗಾಯನ ಕೇಳಲು ಬಂದವರಿಗೆ ಮಾತ್ರ ಎರಡು ದಿನ ಸಾಲುವುದಿಲ್ಲ. 1962ರಿಂದ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ. ಆದರೂ ಸ್ವಭಾವ ಬೇರೆ ಬೇರೆ: ಹುಬ್ಬಳ್ಳಿ ವ್ಯಾಪಾರದ್ದು, ಧಾರವಾಡ ಕಾಲೇಜು-ಕಚೇರಿ-ಕವಿಗೋಷ್ಠಿಯದು. ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಂತರ. ಈ ಅಂತರವನ್ನು ಯಾವ ದಿನ, ಯಾವ ಹೊತ್ತಿಗೆ ದಾಟುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ.

ಉತ್ತರ ಮೊದಲೇ ಹೇಳಿಬಿಡೋಣ. ವಾಸ್ತವ್ಯ ಹುಬ್ಬಳ್ಳಿಯಲ್ಲಿ. ಶನಿವಾರ ಬೆಳಿಗ್ಗೆಯಿಂದ ನಾಲ್ಕು ಗಂಟೆವರೆಗೆ ಧಾರವಾಡ, ಸಂಜೆ ಹುಬ್ಬಳ್ಳಿ ಪೇಟೆ, ಭಾನುವಾರ ಪೂರ್ತಿ ಹುಬ್ಬಳ್ಳಿ. ಬಹಳ ಜನ ಇದನ್ನು ತಿರುವುಮುರುವು ಮಾಡಿ ಭಾನುವಾರ ಧಾರವಾಡಕ್ಕೆ ಹೋಗುತ್ತಾರೆ. ಹೋದರೆ ಪುಸ್ತಕದಂಗಡಿ ಬಾಗಿಲು ಹಾಕಿರುತ್ತದೆ, ವಿಶ್ವವಿದ್ಯಾಲಯಕ್ಕೆ ರಜೆ, ಅರ್ಧಕ್ಕರ್ಧ ಖಾನಾವಳಿಗಳ ಒಲೆ ಆರಿರುತ್ತದೆ. ಆಮೇಲೆ 'ಧಾರವಾಡದಾಗ ಏನೂ ಇಲ್ಲ' ಅಂತ ಬರೆಯುತ್ತಾರೆ.

ಬರುವುದು

ಬೆಂಗಳೂರಿನಿಂದ ಬರುವವರಿಗೆ ಶುಕ್ರವಾರ ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಸಮನಾದದ್ದು ಇನ್ನೊಂದಿಲ್ಲ. ರಾತ್ರಿ ಮಲಗಿ ಬೆಳಕು ಹರಿಯುವ ಹೊತ್ತಿಗೆ ಹುಬ್ಬಳ್ಳಿ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ವೇಗವೇನೋ ಹೌದು, ಆದರೆ ನಸುಕಿನಲ್ಲಿ ಬೆಂಗಳೂರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ತಲುಪಿಸುತ್ತದೆ. ಶನಿವಾರದ ಅರ್ಧ ದಿನ ಕಿಟಕಿ ಪಕ್ಕದಲ್ಲೇ ಕಳೆದಂತೆ. ಟಿಕೆಟ್ ಸಿಗಲಿಲ್ಲವೆಂದು ಹಂಪಿ ಎಕ್ಸ್‌ಪ್ರೆಸ್ ಹಿಡಿಯುವವರಿಗೆ ಒಂದು ಎಚ್ಚರಿಕೆ. ಅದೂ ಹುಬ್ಬಳ್ಳಿಗೇ ಬರುತ್ತದೆ, ಆದರೆ ಗುಂತಕಲ್, ಬಳ್ಳಾರಿ, ಹೊಸಪೇಟೆ, ಗದಗ ಸುತ್ತಿಕೊಂಡು. ದಾವಣಗೆರೆ-ಹಾವೇರಿ ಮೇಲೆ ಬರುವ ಗಾಡಿ ಯಾವುದು ಅಂತ ನೋಡಿಯೇ ಬುಕ್ ಮಾಡಿ.

ಹುಬ್ಬಳ್ಳಿ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದವೆಂದು ಗಿನ್ನೆಸ್‌ನಲ್ಲಿ ದಾಖಲಾಗಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಹೆಮ್ಮೆಯ ಮಾತು ಒಂದು ಕಡೆಗಿರಲಿ, ಇದರಿಂದ ಆಗುವ ಪಜೀತಿ ಕೇಳಿ: ನಿಮ್ಮ ಬೋಗಿ ತಪ್ಪು ತುದಿಯಲ್ಲಿದ್ದರೆ ಚೀಲ ಹೊತ್ತು ಕಿಲೋಮೀಟರ್ ನಡೆಯಬೇಕಾದೀತು. ವಾಪಸು ಹೋಗುವ ದಿನ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಫಲಕದಲ್ಲಿ ನೋಡಿಕೊಳ್ಳಿ. ಇಪ್ಪತ್ತು ನಿಮಿಷ ಮೊದಲೇ ಬಂದರೆ ಓಡುವುದು ತಪ್ಪುತ್ತದೆ. ಗದಗ ರಸ್ತೆ ಕಡೆಯ ಎರಡನೇ ದ್ವಾರದ ಎದುರಿಗೇ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಾಟೇಜುಗಳಲ್ಲಿ ಹಳೆ ಕಾಲದ ಸಾಮಾನು, ಹೊರಗೆ ನ್ಯಾರೋಗೇಜ್ ಎಂಜಿನ್ನು. ಮಕ್ಕಳಿದ್ದರೆ ಒಂದು ಗಂಟೆ ಚೆನ್ನಾಗಿ ಕಳೆಯುತ್ತದೆ, ಇಲ್ಲದಿದ್ದರೆ ಬಿಡಬಹುದು.

ಕಾರಿನಲ್ಲಿ ಬಂದರೆ ಸುಮಾರು 410 ಕಿಲೋಮೀಟರ್. ಕಾರನ್ನು ಹೋಟೆಲಿನಲ್ಲೇ ನಿಲ್ಲಿಸಿ ಎರಡು ದಿನ ಮರೆತುಬಿಡಿ. ಚೆನ್ನಮ್ಮ ವೃತ್ತದ ಸುತ್ತ ಫ್ಲೈಓವರ್ ಕಾಮಗಾರಿ ಶುರುವಾದಾಗಿನಿಂದ ಆ ಭಾಗದಲ್ಲಿ ಸ್ಟೀರಿಂಗ್ ಹಿಡಿಯುವುದು ಪುಣ್ಯದ ಕೆಲಸವಲ್ಲ.

ಚಿಗರಿ

ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಅಂತ ಇಲ್ಲಿ ಯಾರೂ ಹೇಳುವುದಿಲ್ಲ, ಚಿಗರಿ ಅನ್ನುತ್ತಾರೆ. ಚಿಗರಿ ಅಂದರೆ ಜಿಂಕೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಗಿ 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ಎಸಿ ಬಸ್ಸುಗಳಿಗೆ ರಸ್ತೆಯ ನಟ್ಟನಡುವೆ ಸ್ವಂತ ದಾರಿ, ಸ್ವಂತ ನಿಲ್ದಾಣ. ಮಾರ್ಗ ಸುಮಾರು 22 ಕಿಲೋಮೀಟರ್. ಕರ್ನಾಟಕದ ಬೇರೆ ಯಾವ ಊರಿನಲ್ಲೂ ಇಂಥ ಬಸ್ ವ್ಯವಸ್ಥೆ ಇಲ್ಲ. ಎರಡು ದಿನದ ಅತಿಥಿಗೆ ಇದಕ್ಕಿಂತ ಉಪಯೋಗದ ವಸ್ತು ಈ ಊರಿನಲ್ಲಿ ಇನ್ನೊಂದಿಲ್ಲ.

ಹತ್ತುವ ಕ್ರಮ ಸ್ವಲ್ಪ ಬೇರೆ. ಬಸ್ಸಿನೊಳಗೆ ಕಂಡಕ್ಟರ್ ಇರುವುದಿಲ್ಲ. ಟಿಕೆಟನ್ನು ನಿಲ್ದಾಣದ ಕೌಂಟರಿನಲ್ಲೇ ಕೊಂಡು, ಗೇಟಿನಲ್ಲಿ ತೋರಿಸಿ ಒಳಗೆ ಹೋಗಬೇಕು. ಆ ಚೀಟಿಯನ್ನು ಇಳಿಯುವ ನಿಲ್ದಾಣದಿಂದ ಹೊರಬೀಳುವವರೆಗೂ ಕಳೆದುಕೊಳ್ಳಬೇಡಿ. ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ವಯಸ್ಸಾದವರೂ ಚಕ್ರದ ಸೂಟ್‌ಕೇಸಿನವರೂ ಮೆಟ್ಟಿಲಿಲ್ಲದೆ ಒಳಗೆ ಹೋಗಬಹುದು. ನಿಲ್ದಾಣ ರಸ್ತೆ ನಡುವೆ ಇರುವುದರಿಂದ ಬಸ್ಸಿನ ಬಲಗಡೆ ಬಾಗಿಲು ತೆರೆಯುತ್ತದೆ. ಅಭ್ಯಾಸಬಲದಿಂದ ಎಡಬಾಗಿಲಿನ ಹತ್ತಿರ ನಿಂತವರು ಕೊನೆಗೆ ಜನರ ನಡುವೆ ನುಸುಳಿಕೊಂಡು ಇಳಿಯಬೇಕಾಗುತ್ತದೆ.

ಎರಡು ಬಗೆಯ ಬಸ್ಸು ಓಡುತ್ತವೆ. ನೂರರ ಸಂಖ್ಯೆಯವು ಎಲ್ಲ ಕಡೆ ನಿಲ್ಲುತ್ತವೆ, ಇನ್ನೂರರವು ಎಕ್ಸ್‌ಪ್ರೆಸ್. ಊರಿಂದೂರಿಗೆ ಹೋಗುವಾಗ ಎಕ್ಸ್‌ಪ್ರೆಸ್ ಹಿಡಿಯಿರಿ. ಉಣಕಲ್ಲಿನಂಥ ನಡುವಿನ ಜಾಗಕ್ಕೆ ಹೋಗುವಾಗ 'ಇದು ಅಲ್ಲಿ ನಿಲ್ತದೇನ್ರಿ?' ಅಂತ ಕೌಂಟರಿನಲ್ಲೇ ಕೇಳಿ. ಕೇಳದೆ ಎಕ್ಸ್‌ಪ್ರೆಸ್ ಹತ್ತಿ ನಾಲ್ಕು ನಿಲ್ದಾಣ ಮುಂದೆ ಹೋಗಿ ಇಳಿಯುವುದು ಹೊಸಬರ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು ಹೆಣ್ಣುಮಕ್ಕಳದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸಿಗೆ ಇಲ್ಲ, ಆದ್ದರಿಂದ ಚಿಗರಿಗೆ ಟಿಕೆಟ್ ಕೊಳ್ಳಲೇಬೇಕು. ಉಚಿತವೇ ಬೇಕೆಂದರೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಇದೆ, ಹೊತ್ತು ಜಾಸ್ತಿ ಹಿಡಿಯುತ್ತದೆ.

ದೋಷಗಳೂ ಇವೆ. ಎರಡೂ ಊರಿನ ಒಳಭಾಗದಲ್ಲಿ ಪ್ರತ್ಯೇಕ ದಾರಿ ಮುಗಿದು ಚಿಗರಿಯೂ ಆಟೊ, ಬೈಕ್, ಎಮ್ಮೆಗಳ ನಡುವೆಯೇ ತೆವಳುತ್ತದೆ. ಸಂಜೆ ಆರರಿಂದ ಎಂಟರವರೆಗೆ ಹೊಸೂರಿನಿಂದಾಚೆ ಹುಬ್ಬಳ್ಳಿ ಪೇಟೆ ಕಡೆಗೆ ಹೋಗುವಾಗ ತಾಳ್ಮೆ ಬೇಕು. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಲ್ಲುತ್ತದೆ. ಅದು ಮಾರ್ಗದ ವಿನ್ಯಾಸದಿಂದಲೇ ಬಂದ ಹಳೆಯ ಕಾಯಿಲೆ, ಅಲ್ಲಿ ಬಸ್ಸು ಕಾಲಗತಿ ಮರೆಯುತ್ತದೆ. ನಡುರಸ್ತೆಯ ನಿಲ್ದಾಣಕ್ಕೆ ಹೋಗಲು ಅರ್ಧ ರಸ್ತೆ ದಾಟಬೇಕು, ಹಸಿರು ದೀಪ ಕಂಡ ಕೂಡಲೇ ಬೈಕಿನವರು ನಿಲ್ಲುತ್ತಾರೆಂಬ ಭ್ರಮೆ ಬೇಡ. ಇಷ್ಟಿದ್ದರೂ ನೂರಕ್ಕೆ ಎಂಬತ್ತು ಅಂಕ.

ಚಿಗರಿ ಮುಟ್ಟದ ಜಾಗಗಳಿಗೆ ಆಟೊ. ಮೀಟರ್ ಹಾಕಿ ಎಂದರೆ ನಗುತ್ತಾರೆ, ಹತ್ತುವ ಮೊದಲೇ ಮಾತಾಡಿಕೊಳ್ಳಿ. ಆ್ಯಪಿನಲ್ಲಿ ದರ ನೋಡಿಟ್ಟುಕೊಂಡರೆ ಚೌಕಾಶಿಗೆ ಆಧಾರ ಸಿಗುತ್ತದೆ. ಧಾರವಾಡ ರೈಲು ನಿಲ್ದಾಣ ಚಿಗರಿ ಸಾಲಿನಲ್ಲಿ ಇಲ್ಲ ಅನ್ನುವುದು ನೆನಪಿರಲಿ. ಧಾರವಾಡದಲ್ಲೇ ರೈಲಿಳಿದರೆ ಮೊದಲ ಖರ್ಚು ಆಟೊದ್ದು.

ಧಾರವಾಡ, ಶನಿವಾರ

ಜುಬಿಲಿ ವೃತ್ತದಲ್ಲಿ ಇಳಿಯಿರಿ. ಮೊದಲ ಕೆಲಸ ಲೈನ್ ಬಜಾರ್. ಬೇರೆಲ್ಲ ಆಮೇಲೆ, ಯಾಕೆಂದರೆ ಫೇಡಾ ಯಾರಿಗೂ ಕಾಯುವುದಿಲ್ಲ.

ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿಗೆ ಹೆದರಿ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ಠಾಕೂರ್ ಕುಟುಂಬ ಶುರುಮಾಡಿದ ತಿನಿಸು ಇದು. ಬಾಬುಸಿಂಗ್ ಠಾಕೂರರ ಹೆಸರಿನಲ್ಲಿ ಪ್ರಸಿದ್ಧವಾಯಿತು, ಈಗ ಜಿಐ (ಭೌಗೋಳಿಕ ಗುರುತು) ಟ್ಯಾಗೂ ಇದೆ. ಲೈನ್ ಬಜಾರಿನ ಅಂಗಡಿ ನೋಡಲು ಏನೂ ಅಲ್ಲ. ದಿನಕ್ಕೆ ಇಷ್ಟೇ ಅಂತ ಮಾಡುತ್ತಾರೆ, ಮುಗಿದರೆ ಮುಗಿಯಿತು. ಸಾಲು ನೋಡಿ 'ಆಮೇಲೆ ಬರೋಣ' ಅಂತ ಊಟಕ್ಕೆ ಹೋದವರು ಖಾಲಿ ಕಪಾಟು ನೋಡಿ ಬರುತ್ತಾರೆ. 1933ರಲ್ಲಿ ಶುರುವಾದ ಮಿಶ್ರಾ ಫೇಡಾಕ್ಕೆ ಈ ರಗಳೆ ಇಲ್ಲ. ಬಸ್ ನಿಲ್ದಾಣ, ಪೇಟೆ, ಹೆದ್ದಾರಿ ಎಲ್ಲೆಡೆ ಅಂಗಡಿ, ಯಾವಾಗ ಹೋದರೂ ಸಿಗುತ್ತದೆ.

ಯಾವುದು ಮೇಲು ಅನ್ನುವ ಜಗಳ ಧಾರವಾಡದ ಮನೆಮನೆಯಲ್ಲೂ ಇದೆ. ಎಮ್ಮೆ ಹಾಲಿನ ಖೋವಾಕ್ಕೆ ಸಕ್ಕರೆ ಬೆರೆಸಿ, ಬಂಡ್ಲಿಯಲ್ಲಿ ಕೈಬಿಡದೆ ಹುರಿಯುತ್ತ ಹೋದರೆ ಬಣ್ಣ ಬಿಳಿಯಿಂದ ಕಂದಿಗೆ ತಿರುಗುತ್ತದೆ. ಫೇಡಾದ ರುಚಿ ಇರುವುದೇ ಈ ಹುರಿತದಲ್ಲಿ. ಠಾಕೂರರದ್ದು ಹೆಚ್ಚು ಹುರಿದದ್ದು. ಬಣ್ಣ ಗಾಢ, ಮುರಿದರೆ ಒಳಗೆ ಮರಳು ಮರಳಾದ ಹರಳು, ತಳ ಹಿಡಿದ ಹಾಲಿನ ಪರಿಮಳ, ಸಿಹಿ ತುಸು ಹಿಂದೆ ಸರಿದಿರುತ್ತದೆ. ಮಿಶ್ರಾ ಮೆತ್ತಗೆ, ಸಿಹಿ ಮುಂದೆ. ತಿನ್ನಲು ಮೊದಲನೆಯದು, ಆಫೀಸಿನಲ್ಲಿ ನಲವತ್ತು ಮಂದಿಗೆ ಹಂಚಲು ಎರಡನೆಯದು. ಈ ಹಂಚಿಕೆಯಲ್ಲಿ ಯಾರಿಗೂ ಅವಮಾನವಿಲ್ಲ. ಕೊಳ್ಳುವಾಗ ಮೇಲಿನ ಸಕ್ಕರೆ ಪುಡಿ ನೋಡಿ. ಒಣಗಿ ಅಂಟಿಕೊಂಡಿದ್ದರೆ ಸರಿ. ಬೆವರಿ ಒದ್ದೆಯಾಗಿದ್ದರೆ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದ್ದಾರೆ ಅಂತ ಅರ್ಥ, ಬೇಗ ಕೆಡುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಕಲ್ಲಾಗುತ್ತದೆ. ಹೊರಗೆ ನಾಲ್ಕೈದು ದಿನ ಧಾರಾಳ ಬಾಳುತ್ತದೆ.

ಅಲ್ಲಿಂದ ಸುಭಾಸ್ ರಸ್ತೆ. ಇಲ್ಲಿರುವ ಮನೋಹರ ಗ್ರಂಥಮಾಲಾ 1933ರಲ್ಲಿ ಜಿ. ಬಿ. ಜೋಶಿ ಕಟ್ಟಿದ ಪ್ರಕಾಶನ. ಮೇಲಿನ 'ಅಟ್ಟ'ದಲ್ಲಿ ಕೂತು ಹರಟಿದ ಲೇಖಕರ ಹೆಸರು ಬರೆದರೆ ಆಧುನಿಕ ಕನ್ನಡ ಸಾಹಿತ್ಯದ ಅರ್ಧ ಪಠ್ಯಕ್ರಮ ಮುಗಿಯುತ್ತದೆ. ಇದು ಮ್ಯೂಸಿಯಂ ಅಲ್ಲ, ವ್ಯಾಪಾರ ನಡೆಯುವ ಜಾಗ. ಒಂದು ಪುಸ್ತಕ ಕೊಂಡು ಬರುವುದೇ ಮರ್ಯಾದೆ. ಕರ್ನಾಟಕ ವಿದ್ಯಾವರ್ಧಕ ಸಂಘವೂ ಇದೇ ಸುತ್ತಿನಲ್ಲಿದೆ. 1890ರ ಜುಲೈ 20ರಂದು ಹುಟ್ಟಿದ ಸಂಘ, ಶನಿವಾರ ಸಂಜೆ ಏನಾದರೂ ಒಂದು ಕಾರ್ಯಕ್ರಮ ಇಲ್ಲದಿದ್ದರೆ ಆಶ್ಚರ್ಯ.

ಗಾಯನದ ವಿಷಯಕ್ಕೆ ಬಂದರೆ ಒಂದು ಉಪಾಯ. ಧಾರವಾಡದ ಕಛೇರಿಗಳು ಟಿಕೆಟ್ ಆ್ಯಪುಗಳಲ್ಲಿ ಸಿಗುವುದು ಅಪರೂಪ. ಬಹುತೇಕ ಉಚಿತ, ಆಹ್ವಾನ ಎಲ್ಲರಿಗೂ. ಬೆಳಿಗ್ಗೆ ಒಂದು ಕನ್ನಡ ಪತ್ರಿಕೆ ಕೊಂಡು, ಸ್ಥಳೀಯ ಪುಟದಲ್ಲಿ ಅಂದಿನ ಕಾರ್ಯಕ್ರಮಗಳ ಪುಟ್ಟ ಅಂಕಣ ಹುಡುಕಿ. ಸೃಜನಾ ರಂಗಮಂದಿರ, ಆಲೂರು ವೆಂಕಟರಾವ್ ಭವನ, ರಂಗಾಯಣ: ಈ ಮೂರು ಹೆಸರು ಕಂಡರೆ ಹೋಗಬಹುದು. ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕ. ಹಾಡು ಕೇಳುವವರಿಗೆ ಅದು ಹತ್ತು ನಿಮಿಷದ ಜಾಗವಲ್ಲ, ಕೇಳದವರಿಗೆ ಐದು ನಿಮಿಷವೂ ಹೆಚ್ಚು.

ಸಾಧನಕೇರಿಯಲ್ಲಿ ಕೆರೆ, ಉದ್ಯಾನ, ಬೇಂದ್ರೆಯವರ ಮನೆ, ಪಕ್ಕದಲ್ಲಿ ಬೇಂದ್ರೆ ಭವನ. ಕವಿಯ ಹೆಸರು ಕೇಳಿ ದೊಡ್ಡ ಸರೋವರ ಕಲ್ಪಿಸಿಕೊಂಡು ಬಂದವರಿಗೆ ಕೆರೆ ಸಣ್ಣದೆನಿಸುತ್ತದೆ. ಜಿಟಿಜಿಟಿ ಮಳೆಯ ದಿನ ಬಂದರೆ ಆ ದೂರು ಇರುವುದಿಲ್ಲ. ಜುಲೈ-ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ಧಾರವಾಡದಲ್ಲಿ ಜಿನುಗುತ್ತಿರುತ್ತದೆ. ಮಲೆನಾಡಿನ ಅಂಚು ಶುರುವಾಗುವುದೇ ಇಲ್ಲಿಂದ. ಚಿಗರಿ ಹತ್ತುವಾಗ ಆಕಾಶ ನೋಡಿ ಛತ್ರಿ ಬಿಟ್ಟು ಹೋಗಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ಶಿಲ್ಪಪ್ರಿಯರಿಗೆ ಒಳ್ಳೆಯದು, ಆದರೆ ರಾಜ್ಯ ಸರ್ಕಾರದ ಕಚೇರಿಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಅನ್ನುವುದನ್ನು ನೆನಪಿಟ್ಟುಕೊಂಡು ಮೊದಲೇ ವಿಚಾರಿಸಿ. ನುಗ್ಗಿಕೇರಿ ಹನುಮಪ್ಪನ ಗುಡಿಗೆ ಶನಿವಾರವೇ ಎಲ್ಲಕ್ಕಿಂತ ಹೆಚ್ಚು ಗದ್ದಲ. ಭಕ್ತಿ ಇದ್ದರೆ ಹೋಗಿ, ಪ್ರವಾಸಕ್ಕಾದರೆ ಬೇಡ.

ಖಾನಾವಳಿಯಲ್ಲಿ ಕೂರುವ ಕ್ರಮ

ಮಧ್ಯಾಹ್ನದ ಊಟ ಧಾರವಾಡದ ಖಾನಾವಳಿಯಲ್ಲೇ ಆಗಬೇಕು, ಅದೂ ಹನ್ನೆರಡೂವರೆಯಿಂದ ಎರಡರೊಳಗೆ. ಎರಡೂವರೆಯಾದ ಮೇಲೆ ರೊಟ್ಟಿ ಸಿಗುತ್ತದೆ, ಬಿಸಿ ರೊಟ್ಟಿ ಸಿಗುವುದಿಲ್ಲ. ಜೋಳದ ರೊಟ್ಟಿಗೆ ಆ ವ್ಯತ್ಯಾಸ ಜೀವ-ಮರಣದ್ದು: ಹಂಚಿನಿಂದ ಇಳಿದ ಐದು ನಿಮಿಷ ಹತ್ತಿಯಂತೆ ಇರುತ್ತದೆ, ಕಾಲು ಗಂಟೆಗೆ ಬಿರುಸಾಗುತ್ತದೆ, ಅರ್ಧ ಗಂಟೆಗೆ ತೊಗಲು. ಜೋಳದ ಹಿಟ್ಟಿನಲ್ಲಿ ಗೋಧಿಯಂಥ ಜಿಗುಟು ಇಲ್ಲದಿರುವುದೇ ಕಾರಣ; ನೀರಾರಿದ ಹಾಗೆ ಹಿಡಿತ ಬಿಡುತ್ತದೆ. ಹಾಗಾಗಿ ಕೂತ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ: 'ಬಿಸಿ ರೊಟ್ಟಿ ಅದಾವೇನ್ರಿ?' ಇಲ್ಲವೆಂದರೆ ಕಡಕ್ ರೊಟ್ಟಿ ಕೇಳಿ. ಅದು ಒಣಗಿಸಿಯೇ ಮಾಡಿದ್ದು, ಸಾರಿನಲ್ಲಿ ಮುರಿದು ನೆನೆಸಿ ತಿನ್ನಲು ಸೊಗಸು. ನಡುವಿನ ಸ್ಥಿತಿಯ ರೊಟ್ಟಿ ಮಾತ್ರ ಬೇಡ.

'ಊಟ' ಅಂತಷ್ಟೇ ಹೇಳಿದರೆ ಕೆಲವು ಕಡೆ ಚಪಾತಿ ತಂದಿಡುತ್ತಾರೆ. 'ರೊಟ್ಟಿ ಊಟ' ಅನ್ನಿ. ತಾಟಿನಲ್ಲಿ ಎಣ್ಣೆಗಾಯಿ ಬದನೆ, ಒಂದು ಕಾಳು ಪಲ್ಯ, ಝುಣಕ ಅಥವಾ ಸೊಪ್ಪು, ಶೇಂಗಾ ಚಟ್ನಿಪುಡಿ, ಗುರೆಳ್ಳು ಅಥವಾ ಅಗಸಿ ಚಟ್ನಿ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಮೊಸರು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ. ಚಟ್ನಿಪುಡಿಯನ್ನು ಒಣಗಿಯೇ ಮುಟ್ಟಬೇಡಿ. ನಡುವೆ ಗುಣಿ ಮಾಡಿ ಎಣ್ಣೆಯನ್ನೋ ಮೊಸರನ್ನೋ ಹಾಕಿಸಿಕೊಳ್ಳಿ. ಎಣ್ಣೆಗಾಯಿ ಪರೀಕ್ಷೆಗೆ ಒಂದು ಸುಲಭ ದಾರಿ: ಬದನೆಯ ತೊಟ್ಟು ಹಿಡಿದೆತ್ತಿದರೆ ಕಾಯಿ ಇಡಿಯಾಗಿ ಬರಬೇಕು, ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಕುಸಿಯಬೇಕು. ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿಯ ಮಸಾಲೆ ಒಳಗಿರಬೇಕೇ ಹೊರತು ಮೇಲಿನ ಗೊಜ್ಜಿನಲ್ಲಿ ತೇಲುತ್ತಿದ್ದರೆ ಅದು ಬದನೆಕಾಯಿ ಪಲ್ಯ, ಎಣ್ಣೆಗಾಯಿ ಅಲ್ಲ. ರೊಟ್ಟಿಗೆ ಲೆಕ್ಕವೋ ಬೇಕಾದಷ್ಟೋ ಅನ್ನುವುದು ಅಂಗಡಿಯಿಂದ ಅಂಗಡಿಗೆ ಬೇರೆ, ಬಿಲ್ಲಿನ ಹೊತ್ತಿಗೆ ಮುಖ ನೋಡಿಕೊಳ್ಳುವ ಬದಲು ಮೊದಲೇ ಕೇಳಿ. ಕೊನೆಗೆ ಅನ್ನ-ಸಾರಿಗೆ ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ, ಉಳಿಸಬೇಕಾದ ಅಗತ್ಯವೂ ಇಲ್ಲ.

ಶನಿವಾರ ಸಂಜೆ ಪೇಟೆ

ಧಾರವಾಡದ ಸಂಜೆ ಕಾರ್ಯಕ್ರಮಕ್ಕೆ ಉಳಿಯುವುದಿಲ್ಲವೆಂದರೆ, ನಾಲ್ಕಕ್ಕೆ ಚಿಗರಿ ಹತ್ತಿದರೆ ಐದರ ಸುಮಾರಿಗೆ ಹುಬ್ಬಳ್ಳಿ. ಬಟ್ಟೆಯ ವ್ಯವಹಾರ ಇಂದೇ ಮುಗಿಸಿ, ನಾಳೆ ಭಾನುವಾರ ಹಳೆಯ ಅಂಗಡಿಗಳು ಮುಚ್ಚಿರುತ್ತವೆ. ದಾಜಿಬಾನ ಪೇಟೆ, ಜವಳಿ ಸಾಲು, ಬ್ರಾಡ್‌ವೇ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಕಾಲ್ನಡಿಗೆಯೇ ದಾರಿ.

ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಕಸೂತಿ ಎಲ್ಲರೂ ಕೇಳುವ ಮೂರು. ಇಳಕಲ್ಲಿನಲ್ಲಿ ನೋಡಬೇಕಾದದ್ದು ಸೆರಗು ಮತ್ತು ಒಡಲು ಕೂಡುವ ಜಾಗ. ಕೈಮಗ್ಗದ ಇಳಕಲ್ಲಿನಲ್ಲಿ ಎರಡರ ಹಾಸಿನ ಎಳೆಗಳನ್ನು ಕೊಂಡಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ, ಬೆರಳಾಡಿಸಿದರೆ ಒಂದು ಸಣ್ಣ ಏರು ಸಿಗುತ್ತದೆ. ಕಸೂತಿಗೆ ಇನ್ನೂ ಸರಳ ಪರೀಕ್ಷೆ: ಸೀರೆಯನ್ನು ತಿರುವಿ ಹಾಕಿ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಇದರಲ್ಲಿ ಗವಂತಿ ಮತ್ತು ಮುರಗಿ ಎರಡೂ ಬದಿಗೆ ಒಂದೇ ತರಹ ಕಾಣಬೇಕು, ಗಂಟು ಇರಬಾರದು. ಗೋಪುರ, ತೇರು, ಆನೆ ಎಲ್ಲವನ್ನೂ ಬಟ್ಟೆಯ ಎಳೆ ಎಣಿಸಿಯೇ ಹಾಕುವುದರಿಂದ ಗೆರೆಗಳು ನೇರ ಅಥವಾ ಓರೆ, ಬಳುಕುವುದಿಲ್ಲ. ಹಿಂಬದಿಯಲ್ಲಿ ಬಿಳಿ ಬಾಬಿನ್ ದಾರದ ಜಾಲ ಕಂಡರೆ ಅದು ಮಶೀನ್ ಕೆಲಸ. ಮಶೀನಿನದ್ದು ಕೊಳ್ಳಬಾರದೆಂದಲ್ಲ, ಕೈಕೆಲಸದ ದುಡ್ಡು ಕೊಡಬಾರದು ಅಷ್ಟೆ. ಅಂಗಡಿಯವರಿಗೆ ನೀವು ಸೀರೆ ತಿರುವಿ ನೋಡಿದ್ದು ಕಂಡರೆ ಮುಂದಿನ ಮಾತು ಬೇರೆ ಧಾಟಿಗೆ ಬರುತ್ತದೆ.

ಏಳಕ್ಕೆ ದುರ್ಗದಬೈಲ್. ಸಂಜೆಯಾದರೆ ಈ ಬಯಲಿಗೆ ತಿಂಡಿ ಗಾಡಿಗಳು ಇಳಿಯುತ್ತವೆ. ಪಾವ್‌ಭಾಜಿ, ಪಾನಿಪುರಿ ಎಲ್ಲ ಊರಿನಲ್ಲೂ ಸಿಗುತ್ತದೆ. ಇಲ್ಲಿ ತಿನ್ನಬೇಕಾದದ್ದು ಗಿರಮಿಟ್ 'ಮ್ಯಾಲೆ' ಮಿರ್ಚಿ. ಮಾಡುವವರ ಕೈ ಗಮನಿಸಿ: ಉಳ್ಳಾಗಡ್ಡಿ, ಹಸಿಮೆಣಸು, ಅರಿಶಿನ, ಹುಣಸೆ, ಬೆಲ್ಲ ಹಾಕಿ ಮೊದಲೇ ಕುದಿಸಿಟ್ಟ ಗೊಜ್ಜು ಒಂದು ಪಾತ್ರೆಯಲ್ಲಿ. ಚುರಮುರಿಯ ಮೇಲೆ ಅದನ್ನು ಸುರಿದು, ಪುಟಾಣಿ ಹಿಟ್ಟು ಉದುರಿಸಿ, ಕೈಯಿಂದ ಎರಡೇ ಸುತ್ತು ಕಲಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪುಟಾಣಿ ಹಿಟ್ಟು ಗೊಜ್ಜಿನ ನೀರು ಹೀರಿಕೊಂಡು ಚುರಮುರಿಯನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆ. ಸ್ವಲ್ಪ ಹೊತ್ತು ಮಾತ್ರ! ಫೋಟೊ, ಸ್ಟೇಟಸ್ಸು ಮುಗಿಸಿ ತಿನ್ನಲು ಹೋದರೆ ಗಂಜಿ. ಪಾರ್ಸೆಲ್ ಕೇಳುವುದಂತೂ ಅಪರಾಧವೇ ಸರಿ. ಮಿರ್ಚಿಯನ್ನು ಕರಿದಿಟ್ಟ ರಾಶಿಯಿಂದ ಕೊಡಲು ಬಂದರೆ ಬಾಣಲೆಯಿಂದ ಮುಂದಿನ ಸುತ್ತು ಏಳುವವರೆಗೆ ಕಾಯಿರಿ.

ಭಾನುವಾರದ ಹುಬ್ಬಳ್ಳಿ

ಬೆಳಿಗ್ಗೆ ಆರಕ್ಕೆ ನೃಪತುಂಗ ಬೆಟ್ಟ, ಬಿಸಿಲೇರುವ ಮೊದಲು ಇಳಿದುಬಿಡಿ. ತಿಂಡಿಗೆ ಸುಸಲಾ (ನೆನೆಸಿದ ಚುರಮುರಿಯ ಒಗ್ಗರಣೆ) ಸಿಕ್ಕರೆ ಇಡ್ಲಿಯನ್ನು ಇನ್ನೊಂದು ಊರಿಗೆ ಉಳಿಸಿಕೊಳ್ಳಿ.

ಉಣಕಲ್ ಚಿಗರಿ ನಿಲ್ದಾಣದಲ್ಲಿ ಇಳಿದು ಹಳೆ ಊರಿನ ಓಣಿಗಳೊಳಗೆ ಕೇಳುತ್ತ ಹೋದರೆ ಚಂದ್ರಮೌಳೇಶ್ವರ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ್ದು. ಮನೆಗಳ ಗೋಡೆ ಗುಡಿಯ ಕಾಂಪೌಂಡಿಗೆ ತಾಗಿರುವುದರಿಂದ ಬಾಗಿಲಿಗೆ ಬರುವವರೆಗೂ ಅಲ್ಲಿ ಇಂಥದ್ದೊಂದು ಇದೆ ಅನ್ನುವ ಸುಳಿವೇ ಸಿಗುವುದಿಲ್ಲ. ಗರ್ಭಗುಡಿಗೆ ನಾಲ್ಕೂ ದಿಕ್ಕಿನಿಂದ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಒಂದು ಸುತ್ತು ಹೊರಗೆ, ಒಂದು ಸುತ್ತು ಒಳಗೆ ಹಾಕಿದರೆ ಈ ವಿನ್ಯಾಸದ ಮಜಾ ತಿಳಿಯುತ್ತದೆ. ಯಾವ ಬಾಗಿಲಿನಿಂದ ನಿಂತರೂ ಒಂದು ಮುಖ ನಿಮ್ಮ ಕಡೆಗೆ. ಬೆಳಗಿನ ಬಿಸಿಲು ಕಂಬಗಳ ಮೇಲೆ ಅಡ್ಡ ಬೀಳುವ ಹೊತ್ತೇ ನೋಡಲು ಸರಿಯಾದ ಹೊತ್ತು. ಎರಡೂ ಊರಲ್ಲಿ ಒಂದೇ ಕಟ್ಟಡ ನೋಡುವುದಿದ್ದರೆ ಇದನ್ನೇ ನೋಡಿ. ಅದಕ್ಕೆ ಹೋಲಿಸಿದರೆ ಉಣಕಲ್ ಕೆರೆಯ ಉದ್ಯಾನ ಸಾಮಾನ್ಯ, ನಡುವೆ ವಿವೇಕಾನಂದರ ಪ್ರತಿಮೆ, ದಂಡೆಗೆ ಗಾಳಿ. ಸಂಜೆಯಾದರೆ ಊರೆಲ್ಲ ಅಲ್ಲೇ ಇರುತ್ತದೆ.

ಸಿದ್ಧಾರೂಢ ಮಠ ಹಳೇ ಹುಬ್ಬಳ್ಳಿಯಲ್ಲಿ, ಚಿಗರಿಯಿಂದ ಆಚೆ, ಆಟೊ ಬೇಕು. 1929ರಲ್ಲಿ ದೇಹಬಿಟ್ಟ ಸಿದ್ಧಾರೂಢರ ಗದ್ದುಗೆ ಇದೆ. ಮಧ್ಯಾಹ್ನ ದಾಸೋಹದಲ್ಲಿ ಯಾರೆಂದು ಕೇಳದೆ ಬಡಿಸುತ್ತಾರೆ. ಸೋಮವಾರಕ್ಕೆ ಹೋಲಿಸಿದರೆ ಭಾನುವಾರ ಉಸಿರಾಡಲು ಜಾಗ ಇರುತ್ತದೆ.

ಮಾಂಸಾಹಾರಿಗಳ ಭಾನುವಾರದ ಮಧ್ಯಾಹ್ನ ಸಾವಜಿಗೆ ಮೀಸಲು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಅಡುಗೆ ಇದು. ಊರ ತುಂಬ ಸಾವಜಿ ಬೋರ್ಡುಗಳಿವೆ, ಹೆಸರು ನೋಡಿ ಆರಿಸಲಾಗದು. ಮಧ್ಯಾಹ್ನ ಒಂದಕ್ಕೆ ಹೊರಗೆ ಬೈಕುಗಳ ಸಾಲು ಎಲ್ಲಿದೆಯೋ ಅಲ್ಲಿ ಹೋಗಿ. ಕೆಂಪು ಬಣ್ಣ ಬ್ಯಾಡಗಿಯದ್ದು, ಅದು ಬಣ್ಣವಷ್ಟೇ. ಖಾರ ಬೇರೆ ಮೆಣಸಿನಕಾಯಿಯಿಂದ ಬರುತ್ತದೆ, ಎರಡನೇ ತುತ್ತಿನಲ್ಲಿ. ಮೊದಲ ಸಲ ಬಂದವರು ಮಟನ್ ಸಾರಿಗಿಂತ ಖೀಮಾ ಉಂಡೆಯಿಂದ ಶುರುಮಾಡುವುದು ಕ್ಷೇಮ. ನೀರು ಕುಡಿದರೆ ಖಾರ ಹರಡುತ್ತದೆ, ಮೊಸರು ತರಿಸಿಕೊಳ್ಳಿ.

ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಗ್ಗೆ ಒಂದು ಮಾತು. 1957ರಲ್ಲಿ ಸ್ಥಾಪನೆಯಾದ ಈ ಸಂಘ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣದ ಖಾದಿ ರಾಷ್ಟ್ರಧ್ವಜ ತಯಾರಿಸುವ ಕೇಂದ್ರ. ಒಂಬತ್ತು ಅಳತೆ, ಅತಿ ದೊಡ್ಡದು 21 ಅಡಿಗೆ 14 ಅಡಿ, ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ. ಭಾನುವಾರ ಹೋದರೆ ಹೊರಗಿನ ಗೋಡೆ ಮಾತ್ರ ನೋಡಬಹುದು. ಶುಕ್ರವಾರವೂ ರಜೆ ಹಾಕಿ ಬಂದವರು ಮೊದಲೇ ಕೇಳಿಕೊಂಡು ಹೋಗಿ.

ದಿನಾಂಕ ಆರಿಸುವಾಗ ಎರಡು ಎಚ್ಚರಿಕೆ. ಸೆಪ್ಟೆಂಬರಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದ ದಿನಗಳಲ್ಲಿ ರೂಮು ಸಿಗುವುದಿಲ್ಲ. ಹುಬ್ಬಳ್ಳಿಯಲ್ಲಿ ಬಣ್ಣ ಆಡುವುದು ಹೋಳಿಯ ದಿನವಲ್ಲ, ರಂಗಪಂಚಮಿಯಂದು; ಅವತ್ತು ಪೇಟೆ ಬಂದ್, ಬಿಳಿ ಅಂಗಿ ಹಾಕಿ ಹೊರಬಿದ್ದವರ ಗತಿ ಕೇಳಬೇಡಿ. ಏಪ್ರಿಲ್-ಮೇ ಬಿಸಿಲು ಕಷ್ಟ, ನವೆಂಬರಿನಿಂದ ಫೆಬ್ರುವರಿ ಹಿತ.

ರಾತ್ರಿ ರೈಲಿಗೆ ಊಟ ಕಟ್ಟಿಸಿಕೊಳ್ಳುವುದಿದ್ದರೆ ಹತ್ತು ಕಡಕ್ ರೊಟ್ಟಿ, ಕಾಲು ಕೆಜಿ ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು. ರೊಟ್ಟಿಯನ್ನು ಪತ್ರಿಕೆಯಲ್ಲಲ್ಲ, ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲ್ಭಾಗದಲ್ಲಿ ಇಡಿ. ಕೆಳಗಿಟ್ಟರೆ ದಾವಣಗೆರೆ ಬರುವಷ್ಟರಲ್ಲಿ ಪುಡಿಯಾಗಿರುತ್ತದೆ.